ಎರಡನೇ ಲಿವರ್

ತಲಘಟ್ಟಪುರದ ಡಿಪೋದಲ್ಲಿ ಸೌದೆ ಸೀಳುವ ಹಳೇ ಹೈಡ್ರಾಲಿಕ್ ಮಷೀನಿನ ಸೀಲ್ ಬದಲಾಯಿಸುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗಿತ್ತು. ಆಗ ಮಷೀನಿಗೆ ಒಂದೇ ಲಿವರ್ ಇರುವುದು ನೋಡಿ ಭಯವಾಯಿತು.

"ಅಕ್ಕ, ಇನ್ನೊಂದು ಲಿವರ್ ಹಾಕ್ತೀನಿ. ಎರಡೂ ಕೈಲಿ ಒತ್ತಿದ್ರೆ ಮಾತ್ರ ಓಡತ್ತೆ. ಕೈ ಬ್ಲೇಡ್ ಹತ್ರ ಹೋಗಲ್ಲ."

ಡಿಪೋ ನಡೆಸುವ ಆಕೆ ಸೆರಗಿನಡಿಯಿಂದ ಎಡಗೈ ತೆಗೆದು ತೋರಿಸಿದರು. ಬೆರಳುಗಳೇ ಇರಲಿಲ್ಲ.

"ಈ ಮಷೀನಿಂದಾನಾ?" ಎಂದೆ.

"ಅಲ್ಲ ಸಾರ್, ಕೊಡ್ಲಿ. ಅದಕ್ಕೇ ಮಷೀನ್ ತಗೊಂಡಿದ್ದು."

ಮನೆಗೆ ಹೋದರೆ ಸಾಕು ಅನ್ನಿಸುತ್ತಿತ್ತು. ಆದರೂ ಟೂಲ್ ಬ್ಯಾಗ್ ಮತ್ತೆ ಬಿಚ್ಚಿದೆ. ಎಡಗಡೆ ಹೊಸ ಲಿವರ್ ಹಾಕಿ, ಅದಕ್ಕೆ ಮೊಣಕೈಯಲ್ಲಿ ಒತ್ತುವಂಥ ಅಗಲವಾದ ಪಟ್ಟಿ ಕೂರಿಸಿದೆ. ಅಕ್ಕ ಒತ್ತಿದರು. ನೀಲಗಿರಿ ದಿಮ್ಮಿ ಎರಡು ಹೋಳಾಯಿತು. ಆಕೆ ಜೋರಾಗಿ ನಕ್ಕುಬಿಟ್ಟರು.

ಅವರ ಗಂಡ ಮಾತ್ರ, ಸೌದೆ ಸೀಳುವಾಗ ತಮಗೆ ಫೋನ್ ಹಿಡಿಯೋಕೆ ಒಂದು ಕೈಯೂ ಬಿಡುವಿಲ್ಲ ಎಂದು ನನ್ನನ್ನು ಈಗಲೂ ಬೈಯುತ್ತಾರಂತೆ.