ನೀರಮಾನ್ವಿಯೊಳಗಿನ ಮಾನ್ವಿ

ಗೌರಕ್ಕ, ನೀರಮಾನ್ವಿಯ ಫೈಲನ್ನು ಅಳಿಸಿದವಳು ನಾನು. ಕರೆಂಟು ಹೋದದ್ದರಿಂದ ಅಲ್ಲ, ನೀವು ಸೇವ್ ಮಾಡಲು ಮರೆತದ್ದರಿಂದಲೂ ಅಲ್ಲ — ನಾನು. ಎಂಬತ್ತರ ದಶಕದ ಕೊನೆಯಲ್ಲೇ ಹೇಳಬೇಕಾಗಿದ್ದ ಮಾತನ್ನು ತಲೆ ನೆರೆತ ಮೇಲೆ ಹೇಳುತ್ತಿದ್ದೇನೆ.

ರಾಯಚೂರಿನ ಆ ಬೀಜದ ಆಫೀಸಿನಲ್ಲಿ ನಾವಿಬ್ಬರೂ ಹಂಗಾಮಿ ನೌಕರರು. ಭತ್ತದ ಬೀಜ ಕೇಳಿದ ರೈತರ ಹೆಸರುಗಳನ್ನು ಊರಿಗೊಂದು ಫೈಲಿನಂತೆ ಕಂಪ್ಯೂಟರಿಗೆ ಹಾಕುವುದು ನಮ್ಮ ಕೆಲಸ. ನನಗೋ ಅದನ್ನು ಮುಟ್ಟಲೂ ಭಯ. ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವರು ನೀವು. ನಿಮ್ಮ ಬುತ್ತಿಯ ಸಜ್ಜೆ ರೊಟ್ಟಿ, ಪುಂಡಿ ಪಲ್ಯದಲ್ಲಿ ಅರ್ಧ ನನ್ನದೇ ಆಗಿತ್ತು. ಇಂದು ನಾನು ಉಣ್ಣುವ ಅನ್ನದಲ್ಲಿ ನಿಮ್ಮ ಋಣವಿದೆ — ಇದನ್ನು ಹೇಳದೆ ಉಳಿದದ್ದನ್ನು ಹೇಳಲಾರೆ.

ಸ್ವಲ್ಪ ಕಲಿತದ್ದೇ ತಡ, ನನಗೆ ಕೊಂಬು ಬಂತು. ಹಿಂದಿನ ವರ್ಷಗಳಿಂದ ಬೇಡವಾಗಿ ಉಳಿದಿದ್ದ ಮಾನ್ವಿಯ ಹಳೆಯ ಫೈಲುಗಳನ್ನೆಲ್ಲ ಒಂದೇ ಏಟಿಗೆ ಅಳಿಸುವ ಪುಟ್ಟ ಸ್ಕ್ರಿಪ್ಟ್ ಬರೆದೆ. ಹಳೇಮಾನ್ವಿ ಎಂದು ಹೆಸರಿಟ್ಟ ಫೈಲುಗಳೂ ಸಿಗಲೆಂದು ಮಾನ್ವಿ ಎಂಬ ಹೆಸರಿನ ಹಿಂದೊಂದು, ಮುಂದೊಂದು ನಕ್ಷತ್ರ ಚಿಹ್ನೆ. ಆ ಜಾಗದಲ್ಲಿ ಯಾವ ಅಕ್ಷರಗಳಿದ್ದರೂ ಕಂಪ್ಯೂಟರು ಒಪ್ಪಿಕೊಳ್ಳುತ್ತದೆ. ನೀವು ಎಚ್ಚರಿಸಿದಿರಿ: "ಎಲ್ಲಾ ಊರಿನ ಹೆಸ್ರಿಲೆ ಖಾಲಿ ಫೈಲ್ ಮಾಡಿ ಮೊದ್ಲು ಪರೀಕ್ಷಾ ಮಾಡವ್ವ. ಯಾವ್ಯಾವು ಸಿಗತಾವ ಬರೇ ತೋರ್ಸು ಅನ್ನು, ಅಳಸು ಅನಬ್ಯಾಡ."

ಮಾಡಿದೆ — ಅರ್ಧ ಮಾಡಿದೆ. ಹಳೇಮಾನ್ವಿ, ಮಾನ್ವಿ, ದೇವದುರ್ಗ, ಅಷ್ಟೇ. ಮಾನ್ವಿಯವು ಸಿಕ್ಕವು, ದೇವದುರ್ಗ ಸಿಗಲಿಲ್ಲ. ಇನ್ನೇನು ಬೇಕು? ಎಲ್ಲ ಊರನ್ನೂ ನೋಡಿದೆ ಎಂದು ನಿಮಗೆ ಸುಳ್ಳು ಹೇಳಿ ನಿಜವಾದ ಫೈಲುಗಳ ಮೇಲೆ ಓಡಿಸಿದೆ. ಸಿಗಬಾರದ್ದು ಸಿಕ್ಕೀತೇ ಎಂದು ನೋಡುವುದೇ ಪರೀಕ್ಷೆ ಎಂಬ ಬುದ್ಧಿ ನನಗಿರಲಿಲ್ಲ. ನಿಮ್ಮ ಊರಿನ ಹೆಸರಿನೊಳಗೇ ಮಾನ್ವಿ ಕೂತಿದೆ ಎಂಬುದು — ದಿನಾ ನಿಮ್ಮನ್ನು ಆ ಬಸ್ಸಿಗೆ ಹತ್ತಿಸುತ್ತಿದ್ದ ನನಗೆ — ಹೊಳೆಯಲಿಲ್ಲ. ನೀರಮಾನ್ವಿಯೂ ಅಳಿಸಿಹೋಯಿತು. ಅದರ ಪ್ರತಿಯನ್ನು ಇನ್ನೂ ತೆಗೆದಿರಲಿಲ್ಲ.

ಹಿಂದಿನ ದಿನ ಕರೆಂಟು ಹೋಗಿತ್ತಲ್ಲ, ಸಾಹೇಬರು ತಪ್ಪು ನಿಮ್ಮದೇ ಎಂದು ತೀರ್ಮಾನಿಸಿಬಿಟ್ಟರು. "ಸೇವ್ ಮಾಡಿದ್ದೆರೀ" ಎಂದು ನೀವು ನನ್ನ ಕಡೆ ನೋಡಿದಿರಿ. ನಾನು — ನಮ್ಮಿಬ್ಬರಲ್ಲಿ ಒಬ್ಬರನ್ನೇ ಕಾಯಂ ಮಾಡುತ್ತಾರೆಂದು ಗೊತ್ತಿತ್ತು ನನಗೆ. ಪೆನ್ನಿನ ಮುಚ್ಚಳ ತಿರುವುತ್ತ ಕೂತೆ.

ಅಷ್ಟೂ ಹೆಸರುಗಳನ್ನು ನೀವು ಮತ್ತೆ ಟೈಪ್ ಮಾಡಿದಿರಿ. ನಾನು ದೊಡ್ಡ ಪುಣ್ಯಾತ್ಗಿತ್ತಿಯ ಹಾಗೆ ಪಕ್ಕದಲ್ಲಿ ಕೂತು ಅರ್ಜಿಗಳನ್ನು ಓದಿ ಹೇಳಿದೆ. ಮುಗಿದ ಮೇಲೆ ನನ್ನ ಕೈ ಹಿಡಿದು, "ನೀ ಇದ್ದಿ ಅಂತ ಆತವ್ವ. ನಿನ್ನ ಉಪಕಾರ ಮರಿಯಂಗಿಲ್ಲ" ಎಂದಿರಿ. ಕಾಯಂ ಆದೇಶ ನನಗೆ ಬಂತು. ನಿಮ್ಮನ್ನು ಮನೆಗೆ ಕಳಿಸಿದರು.

ಆಮೇಲೆ ಎಷ್ಟೋ ಜನಕ್ಕೆ ನಾನು ಈ ಕೆಲಸ ಕಲಿಸಿದೆ. ಅಳಿಸುವ ಮುನ್ನ ತೋರಿಸಲು ಹೇಳಿ ಎಂಬ ನಿಮ್ಮ ಮಾತನ್ನು ನಿಮ್ಮ ಹೆಸರು ಹಿಡಿದೇ ಕಲಿಸಿದೆ. ಆ ಗೌರಕ್ಕ ಈಗೆಲ್ಲಿದ್ದಾರೆ ಎಂದು ಯಾರಾದರೂ ಕೇಳಿದರೆ ಮಾತ್ರ — ಮಾತು ತೇಲಿಸುತ್ತಿದ್ದೆ.

ಬರುವ ಮಂಗಳವಾರ ನೀರಮಾನ್ವಿಗೆ ಬರುತ್ತಿದ್ದೇನೆ. ಎಲ್ಲರೂ ಬರುವ ಎಲ್ಲಮ್ಮನ ಗುಡಿಗಲ್ಲ, ನಿಮ್ಮ ಮನೆಗೆ. ಈ ಕಾಗದವನ್ನು ಅಂಚೆಗೆ ಹಾಕದೆ ಕೈಯಲ್ಲೇ ತಂದು, ಇದಿಷ್ಟನ್ನೂ ಎದುರಿಗೆ ಕೂತು ಓದಿ ಹೇಳುತ್ತೇನೆ. ನೀವು ಕದ ಹಾಕಿಕೊಂಡರೂ ಸರಿಯೇ. ಅಂದು ನೀವು ಉಪಕಾರ ಎಂದಿರಲ್ಲ, ಆ ಮಾತು ನನಗೆ ಸಲ್ಲುವುದಲ್ಲ. ಅದನ್ನು ನಿಮಗೇ ಹೇಳಿ ಬರಬೇಕು.