ಲಾಟೀನು ಒಲ್ಲದ ಸುಂಕದ ಈನಾಕ್

ಜೂನ್ ಮೂವತ್ತರ ಬೆಳಗಿನ ಐದು ಗಂಟೆ. ಹೆಪ್ಸಿಬಾ ಲೈಲ್ ಅವರ ಭಟ್ಟಿಮನೆಯ ಪೀಪಾಯಿ ಕೋಣೆಯಲ್ಲಿ ಈನಾಕ್ ಗಿಲ್‌ಫಿಲನ್ ಒಂಬತ್ತನೆಯ ಪೀಪಾಯಿಗೆ ಅಳತೆಕೋಲು ಇಳಿಸುತ್ತಿದ್ದಾರೆ. ಕೋಲು ತಳ ಮುಟ್ಟಿದ ಸದ್ದಿಗೆ ಕಿವಿಗೊಟ್ಟು, ಮೇಲೆತ್ತಿ, ಎಲ್ಲಿವರೆಗೆ ಒದ್ದೆಯಾಗಿದೆ ಎಂದು ಹೆಬ್ಬೆರಳಿನಿಂದ ಸವರಿ ನೋಡುತ್ತಾರೆ. ಆಮೇಲೆ ಒಂದಿಷ್ಟು ವಿಸ್ಕಿಯನ್ನು ಗಾಜಿನ ಪಾತ್ರೆಗೆ ಬಗ್ಗಿಸಿ, ಗೆರೆ ಕೊರೆದ ಗಾಜಿನ ಕೊಳವೆಯೊಂದನ್ನು ಅದರಲ್ಲಿ ತೇಲಿಬಿಟ್ಟು ಎಷ್ಟು ಖಡಕ್ಕಾಗಿದೆ ಎಂದು ಓದುತ್ತಾರೆ; ಖಡಕ್ಕು ಹೆಚ್ಚಿದಷ್ಟೂ ಸುಂಕ ಹೆಚ್ಚು. ಬೆರಳಿಗಂಟಿದ್ದನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾರೆಯೇ ಹೊರತು ನಾಲಗೆಗೆ ಮುಟ್ಟಿಸುವುದಿಲ್ಲ.

"ಹತ್ತನೇದು ಎಲ್ಲಿ ಅಕ್ಕಾ?"

"ಗೋಡೆಯಾಚೆ ತೊಟ್ಟಿಕ್ತಾ ಇದೆಯಲ್ಲ, ಕೇಳಿಸ್ತಿಲ್ವಾ? ಸಂಜೆಗೆ ತುಂಬತ್ತೆ. ಈಗ್ಲೇ ಬರ್ಕೊಂಬಿಡು ಮಾರಾಯ."

"ಇಲ್ಲದ ವಿಸ್ಕಿನ ಹೆಂಗಕ್ಕ ಅಳೀಲಿ? ಉರಿ ಜಾಸ್ತಿ ಮಾಡ್ಬೇಡ, ಸೀದುಹೋಗತ್ತೆ. ಸಂಜೆ ಬರ್ತೀನಿ."

ಹೆಪ್ಸಿಬಾ ಅವರ ಅವಸರಕ್ಕೆ ಕಾರಣವಿದೆ. ಗ್ಯಾಲನ್ನಿಗೆ ಅರವತ್ತು ಸೆಂಟಿದ್ದ ಸುಂಕ ನಾಳೆಯಿಂದ ಒಂದೂವರೆ ಡಾಲರ್ ಆಗುತ್ತದೆ. ಇಂದು ಅಳೆದದ್ದಕ್ಕೆ ಮಾತ್ರ ಹಳೆಯ ದರ. ಅವರ ಒಬ್ಬನೇ ಮಗ ಏಸಾ ಕಾಲಿಗೆ ಗುಂಡು ತಗುಲಿ ವಾಷಿಂಗ್ಟನ್ನಿನ ಸೈನಿಕರ ಆಸ್ಪತ್ರೆಯಲ್ಲಿ ಮಲಗಿದ್ದಾನೆ. ಒಂಬತ್ತು ಪೀಪಾಯಿಯ ಹಣ ರೈ ಧಾನ್ಯ ಕೊಟ್ಟವರಿಗೆ, ಸೌದೆ ಕೊಟ್ಟವರಿಗೆ ಹೋಗಿಬಿಡುತ್ತದೆ. ಹತ್ತನೆಯದನ್ನು ಮಾರಿ ಅವನನ್ನು ಕರೆತರಬೇಕು. ಪಿಟ್ಸ್‌ಬರ್ಗಿನ ವ್ಯಾಪಾರಿಯ ಜೊತೆ ಬೆಲೆ ಮೊದಲೇ ಮಾತಾಗಿರುವುದರಿಂದ, ಹೊಸ ಸುಂಕ ಬಿದ್ದರೆ ರೈಲಿನ ಖರ್ಚು ಪೂರ್ತಿ ಅದರಲ್ಲೇ ಹೋಗುತ್ತದೆ.

ಸುಂಕದವರನ್ನು ಹೊಗಳುವ ಚಟ ನನಗಿಲ್ಲ. ದಕ್ಷಿಣದ ರಾಜ್ಯಗಳ ಜೊತೆ ಯುದ್ಧ ಶುರುವಾದ ಮೇಲೆ ಇಸ್ಪೀಟಿಗೆ, ಕುದುರೆಗಾಡಿಗೆ, ಕೊನೆಗೆ ನಮ್ಮ ಪತ್ರಿಕೆಯ ಜಾಹೀರಾತಿಗೂ ಸುಂಕ ಬಿದ್ದಿದೆ. ಎರಡು ವರ್ಷದ ಹಿಂದೆ ಈನಾಕ್ ಈ ಕೆಲಸಕ್ಕೆ ಸೇರಿದಾಗ ಇದೇ ಅಂಕಣದಲ್ಲಿ ಅವರನ್ನು ಗೇಲಿ ಮಾಡಿದವನೂ ನಾನೇ. ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ನಮ್ಮ ಮೊನೊಂಗಹೀಲ ಕಣಿವೆಯಲ್ಲಿ ಸುಂಕದವನಾಗುವುದೆಂದರೆ ಹುಡುಗಾಟವಲ್ಲ. ಎಪ್ಪತ್ತು ವರ್ಷದ ಹಿಂದೆ ಹೀಗೇ ಅಳೆಯಲು ಬಂದವನಿಗೆ ಡಾಂಬರು ಬಳಿದು, ಗರಿ ಅಂಟಿಸಿ ಓಡಿಸಿದವರ ಗುಂಪಿನಲ್ಲಿ ಈನಾಕ್‌ರ ಅಜ್ಜನೂ ಇದ್ದರಂತೆ.

"ಅಜ್ಜ ಬದುಕಿದ್ರೆ ನಂಗೂ ಅದೇ ಮರ್ಯಾದೆ ಮಾಡ್ತಿದ್ದ," ಎಂದು ನಗುತ್ತಾರೆ. "ನಮ್ಮವರು ಈಗ ಒಳ್ಳೆಯವರಾಗಿದಾರೆ. ಬರೀ ನಾಯಿ ಬಿಡ್ತಾರೆ."

ಹದಿನಾಲ್ಕು ಭಟ್ಟಿ, ಒಂದು ಮುದಿ ಹೆಣ್ಣುಕುದುರೆ, ದಿನಕ್ಕೆ ಇಪ್ಪತ್ತು ಮೈಲಿ. ವಯಸ್ಸು ಐವತ್ತೆಂಟು. ಮಧ್ಯಾಹ್ನ ಬುತ್ತಿಯ ಜೋಳದ ರೊಟ್ಟಿಯನ್ನು ಕುದುರೆಯ ನೆರಳಲ್ಲೇ ತಿನ್ನುತ್ತಾರೆ. ಅಳೆಯುವ ಮನೆಯಲ್ಲಿ ನೀರು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಇವತ್ತು ಮಾತ್ರ ಎಲ್ಲರಿಗೂ ಅವರು ಬೇಕು. ನಾಯಿ ಬಿಡುತ್ತಿದ್ದವರೇ ದಾರಿಗೆ ಬಂದು ಕುದುರೆಯ ಹಗ್ಗ ಹಿಡಿದೆಳೆಯುತ್ತಿದ್ದಾರೆ. ನಾಲ್ಕು ಭಟ್ಟಿಗಳಲ್ಲಿ ಮೂವತ್ತೊಂದು ಪೀಪಾಯಿ ಮುಗಿಸಿ ಹೆಪ್ಸಿಬಾ ಅವರ ಅಂಗಳಕ್ಕೆ ಮರಳುವಷ್ಟರಲ್ಲಿ ಸೂರ್ಯ ಎದುರಿನ ಬೆಟ್ಟದ ನೆತ್ತಿಗೆ ತಾಗಿದ್ದಾನೆ.

ಹತ್ತನೆಯ ಪೀಪಾಯಿ ತುಂಬಿದೆ. ಕೋಲಿನ ಗುರುತು ಹೆಬ್ಬೆರಳಿಗೆ ಸಿಗುತ್ತದೆ, ಆದರೆ ಕೊಳವೆಯ ಸಣ್ಣ ಗೆರೆಗಳು ಆ ಕತ್ತಲ ಕೋಣೆಯಲ್ಲಿ ಕಾಣುವುದಿಲ್ಲ. ಹೆಪ್ಸಿಬಾ ಲಾಟೀನು ಹಿಡಿದು ಬಾಗಿಲಿಗೆ ಬರುತ್ತಾರೆ.

"ಅಲ್ಲೇ ನಿಲ್ಲಕ್ಕ. ಬಾಯಿ ತೆರೆದ ಪೀಪಾಯಿ ಹತ್ರ ದೀಪ ತರೋದಾ? ನಾವಿಬ್ರೂ ಸುಟ್ಟು ಬೂದಿಯಾಗ್ತೀವಿ. ಹೊರಗೆ ಒಯ್ದ್ರೂ ಆ ಮಂಕು ಬೆಳಕಲ್ಲಿ ಇಷ್ಟು ಸಣ್ಣ ಗೆರೆ ಸರಿಯಾಗಿ ಕಾಣಲ್ಲ."

"ಹಾಗಾದ್ರೆ ಅಂದಾಜಲ್ಲಿ ಬರಿ. ಒಂಬತ್ತೂ ಒಂದೇ ಥರ ಇತ್ತಲ್ಲ."

"ಅಂದಾಜಲ್ಲಿ ಬರೆಯೋಕೆ ನಾನ್ಯಾಕೆ ಬರ್ಬೇಕಿತ್ತು?"

"ಹಾಗಾದ್ರೆ ನನ್ನ ಮಗ ಅಲ್ಲೇ ಕೊಳೀಲಿ ಬಿಡು."

ಈನಾಕ್ ಹೊರಗೆ ಇಣುಕುತ್ತಾರೆ. ಅಂಗಳಕ್ಕೆ ಆಗಲೇ ನೆರಳು ಬಿದ್ದಿದೆ. ಹಿತ್ತಲ ಗುಡ್ಡದ ಮೇಲ್ಭಾಗದಲ್ಲಿ ಮಾತ್ರ ಬಿಸಿಲು ಉಳಿದಿದೆ. "ಈ ಪಾತ್ರೆ ಹಿಡ್ಕೋ. ತುಳುಕಿಸ್ಬೇಡ, ನಡಿ," ಎನ್ನುತ್ತಾರೆ.

ಹೆಪ್ಸಿಬಾ ಪಾತ್ರೆಯನ್ನು ಎದೆಗವಚಿಕೊಂಡು ಮುಂದೆ, ಈನಾಕ್ ಕೊಳವೆ ಹಿಡಿದು ಹಿಂದೆ, ಏದುಸಿರು ಬಿಡುತ್ತ ಕೊನೆಯಲ್ಲಿ ನಾನು. ನಾವು ಹತ್ತಿದಂತೆ ನೆರಳೂ ಬೆನ್ನ ಹಿಂದೆಯೇ ಹತ್ತುತ್ತದೆ. ತುದಿಯಲ್ಲಿ ಈನಾಕ್ ಮಂಡಿಯೂರಿ, ಪಾತ್ರೆಯನ್ನು ಬಿಸಿಲಿಗೆ ಹಿಡಿಸಿ, ಕೊಳವೆ ಅಲುಗಾಡುವುದು ನಿಲ್ಲುವವರೆಗೆ ಕಾಯುತ್ತಾರೆ. ಉಸಿರಾಡಲೂ ಭಯವಾಗುತ್ತದೆ.

"ಮಿಕ್ಕವಕ್ಕಿಂತ ಒಂದು ಗೆರೆ ಜಾಸ್ತಿನೇ ಇದೆ."

"ಒಂದು ಗೆರೆ ತಾನೇ, ಬಿಟ್ಬಿಡೋ. ಏಸಾ ನಿನ್ನ ತೊಡೆ ಮೇಲೆ ಆಡ್ದೋನು."

"ಅವನ ಕಾಲಿಗೆ ಸುತ್ತಿರೋ ಬಟ್ಟೆ ಇಂಥಾ ಗೆರೆಗಳ ಸುಂಕದಿಂದಾನೇ ಬಂದಿದ್ದು ಕಣಕ್ಕ."

ಈನಾಕ್ ಗೆರೆಯನ್ನು ಸೇರಿಸಿಯೇ ಬರೆಯುತ್ತಾರೆ. ಕೆಳಗೆ ಜೂನ್ ಮೂವತ್ತು ಎಂದು ತಾರೀಖು ಹಾಕಿ ಚೀಟಿ ಹರಿದು ಕೊಡುತ್ತಾರೆ. ಹಳೆಯ ದರ, ಜೊತೆಗೆ ಒಂದು ಗೆರೆಯ ಸುಂಕ. ಚೀಟಿಯನ್ನು ಎರಡು ಸಲ ಓದಿದ ಹೆಪ್ಸಿಬಾ, "ಸೋಮವಾರದ ರೈಲಿಗೆ ಹೋಗ್ತೀನಿ," ಎಂದು ತಮ್ಮ ಏಪ್ರನ್ನಿನಲ್ಲೇ ಕಣ್ಣೊರೆಸಿಕೊಳ್ಳುತ್ತಾರೆ.

ಅಂಗಳಕ್ಕೆ ಇಳಿದ ಮೇಲೆ ನಾನು ಪತ್ರಿಕೆಯವರ ಮಾಮೂಲಿ ಪ್ರಶ್ನೆ ಕೇಳುತ್ತೇನೆ: ನಿಮಗೇನು ಆಸೆ?

ಈನಾಕ್ ಕುದುರೆಯ ಹೊಟ್ಟೆಪಟ್ಟಿ ಬಿಗಿಯುತ್ತ ಹೇಳುತ್ತಾರೆ: "ಯುದ್ಧ ಮುಗಿದ್ರೆ ಈ ಸುಂಕ ತೆಗೀತೀವಿ ಅಂದಿದಾರೆ. ನನ್ನನ್ನ ಕೆಲಸದಿಂದ ತೆಗೆಯೋ ಕಾಗದ ಬೇಗ ಬರ್ಲಿ. ಅದು ಬಂತು ಅಂದ್ರೆ ಹುಡುಗ್ರೆಲ್ಲ ಮನೆಗೆ ಬಂದ್ರು ಅಂತ."