ಬೆವರುವ ಗಡಿಗೆ

ಇವತ್ತು ಬೆಳಿಗ್ಗೆ ನಮ್ಮ ಮನೆಯಲ್ಲಿ ಆಮೆಮರಿಗಳು ಹುಟ್ಟಿವೆ. ಒಂದೊಂದೂ ನಿಂಬೆಹೋಳಿನಷ್ಟಿದೆ, ಬೆನ್ನ ಮೇಲೆ ಆಗಲೇ ಹಳದಿ ಗೆರೆಗಳು. ಜಟಕಾದವನಿಗೆ ಹೇಳಿದೆ, ಹಾಲಿನವಳಿಗೆ ಹೇಳಿದೆ, ಕೇಳದೆ ಹೋಗುತ್ತಿದ್ದವರನ್ನೂ ಕರೆದು ಹೇಳಿದೆ. ಈಗ ನಿಮಗೆ. ನನಗೆ ಅಕ್ಷರ ಅಷ್ಟಕ್ಕಷ್ಟೆ, ಹಿಗ್ಗಿಗೆ ಮಾತ್ರ ಕೊರತೆಯಿಲ್ಲ.

ಇದೆಲ್ಲ ಮೊಮ್ಮಗಳು ಶರಣಮ್ಮನ ಕೆಲಸ. ಕುರುಗೋಡಿನ ಗುಡ್ಡದ ಕೆಳಗೆ, ಬಂಡಿದಾರಿಯಲ್ಲಿ ಸಿಕ್ಕ ತಾಯಿ ಆಮೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಳ್ಳಾರಿಗೆ ತಂದವಳು ಅವಳೇ. ಹೋದ ವರ್ಷ ಅದು ಹಿತ್ತಲಲ್ಲಿ ಇಟ್ಟ ಮೊಟ್ಟೆಗಳು ನಮ್ಮೂರ ಬಿಸಿಲಿಗೆ ಒಣಗಿಹೋದವು. ಈ ಸಲ ಮತ್ತೆ ಇಟ್ಟಾಗ ನನ್ನ ಮಗ, ಅಂದರೆ ಅವಳಪ್ಪ, ಕಡ್ಡಿ ಮುರಿದಂತೆ ಹೇಳಿಬಿಟ್ಟ: ಇವೂ ಒಣಗಿದರೆ ಆಮೆಯನ್ನು ಗುಡ್ಡಕ್ಕೆ ಬಿಟ್ಟುಬರುವುದೇ ಸೈ.

ನಾನು ಸಿರುಗುಪ್ಪದ ಕಡೆಯ ಕರೂರಿನವನು, ಗದ್ದೆಯ ಮನುಷ್ಯ. ಒಣಗಿದ್ದಕ್ಕೆ ನೀರು ಬಿಡುವುದೊಂದೇ ನನಗೆ ಬರುವ ವಿದ್ಯೆ. ಬಿಂದಿಗೆ ಎತ್ತಿಕೊಂಡು ಹೊರಟೆ. ಶರಣಮ್ಮ ಅಡ್ಡ ನಿಂತಳು.

"ತಾತ, ಇದು ಭತ್ತದ ಮಡಿ ಅಲ್ಲ. ಮಣ್ಣು ತೊಯ್ಯಬಾರದು, ಗಾಳಿ ತೊಯ್ಯಬೇಕು."

ಹೊಲಕ್ಕೆ, ಎತ್ತಿಗೆ, ಕೆರದ ತೊಗಲಿಗೆ ನೀರು ಹಾಕಿದ್ದೇನೆ. ಗಾಳಿಗೆ ಹಾಕುವವರನ್ನು ಆವತ್ತೇ ಕಂಡದ್ದು. ಮರದ ಪೆಟ್ಟಿಗೆಗೆ ತೂತು ಕೊರೆದು, ಒಂದು ಕಡೆ ಮರಳಿನಲ್ಲಿ ಮೊಟ್ಟೆ ಹುಗಿದು, ಇನ್ನೊಂದು ಕಡೆ ನೀರು ತುಂಬಿದ ಮಣ್ಣಿನ ಗಡಿಗೆ ಇಟ್ಟು, ಮೇಲೆ ಗೋಣಿತಟ್ಟು ಹೊದಿಸಿದಳು. ಗಡಿಗೆ ಬೆವರಿ ಒಳಗಿನ ಗಾಳಿಯೆಲ್ಲ ತಂಪಾಗಬೇಕು, ಅದು ಅವಳ ಲೆಕ್ಕ.

ಗಡಿಗೆ ಕೊಟ್ಟವಳು ನನ್ನ ಹೆಂಡತಿ. ಹುಟ್ಟುವ ಕೂಸಿಗೆ ಹಳೆಯ ಸೀರೆಯನ್ನೇ ಹಾಸುವುದು ನಮ್ಮಲ್ಲಿಯ ಪದ್ಧತಿ, ಹೊಸದು ಒರಟು. ಮೊಟ್ಟೆಯೊಳಗಿನ ಕೂಸಿಗೂ ಅದೇ ನ್ಯಾಯವೆಂದು, ತಾನು ಸಂಸಾರಕ್ಕೆ ಬಂದಾಗಿನಿಂದ ಮಜ್ಜಿಗೆ ಕಡೆದ ಗಡಿಗೆಯನ್ನು ಅರಿಸಿನ ಹಚ್ಚಿ ಕೊಟ್ಟಳು. ನಾನೂ ತಲೆಯಾಡಿಸಿದೆ. ಗಡಿಗೆ ಮಾತ್ರ ಬೆವರಲೇ ಇಲ್ಲ. ಮರಳು ಬೆಚ್ಚಗಾಗುತ್ತಲೇ ಹೋಯಿತು, ಹುಡುಗಿಯ ಮುಖ ಸಣ್ಣದಾಗುತ್ತಲೇ ಹೋಯಿತು. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಕುಡಿಯುವ ನೀರಿನ ಹೊಸ ಗಡಿಗೆಯ ಬುಡ ಒದ್ದೆಯಾಗಿದ್ದುದನ್ನು ನೋಡುತ್ತ ನಿಂತುಬಿಟ್ಟಳು.

"ಅಜ್ಜಿ, ನಿನ್ನ ಗಡಿಗಿ ಬೆಣ್ಣಿ ಕುಡಿದು ಕುಡಿದು ಮೈ ಮುಚ್ಚಿಕೊಂಡೈತಿ."

ಹೊಸ ಗಡಿಗೆ ಪೆಟ್ಟಿಗೆ ಸೇರಿತು. ನಮಗೆಂದು ಇನ್ನೊಂದು ತಂದರೆ, ಒಂದು ಬೆವರುವಲ್ಲಿ ಎರಡು ಬೆವರಲಿ ಎಂದು ಅದನ್ನೂ ಅಲ್ಲೇ ಇಟ್ಟಳು. ಬೇಸಿಗೆಯೆಲ್ಲ ನಾವು ಹಿತ್ತಾಳೆ ಕೊಡದ ಬಿಸಿನೀರು ಕುಡಿದೆವು. "ಆಮಿಗೆ ತಣ್ಣೀರು, ನಮಗ ಬಿಸಿನೀರು. ಚಲೋ ಸಂಸಾರ ಐತಿ," ಎಂದು ಮಗ ಲೋಟ ಎತ್ತಿದಾಗಲೆಲ್ಲ ಗೊಣಗಿದ.

ಇವತ್ತು ಸಂಜೆ ಸೊಸೆ ಹೋಳಿಗೆ ಮಾಡಿದ್ದಳು. ಅಂಗಳದಲ್ಲಿ ಎಲ್ಲರೂ ಸಾಲಾಗಿ ಕೂತೆವು. ಮಗ ಮಾತ್ರ ಚೆಂಬು ಹಿಡಿದು ಎದ್ದ. ಕೈ ತೊಳೆಯುವುದಕ್ಕೆಂದುಕೊಂಡೆ. ಪೆಟ್ಟಿಗೆಯ ಹತ್ತಿರ ಹೋಗಿ, ಗೋಣಿ ಸರಿಸಿ, ಎರಡೂ ಗಡಿಗೆಗೆ ನೀರು ಸುರಿದು ಬಂದ.

"ಮರಿ ಹೊರಗ ಬಂದಾವಲ್ಲೋ, ಇನ್ಯಾಕ ನೀರು?" ಎಂದೆ.

"ಬಾಣಂತಿ ಮನಿ ಐತಪಾ. ಒಣಗಬಾರದು."

ಆಮೇಲೆ ಕೂತು ತನ್ನ ಲೋಟದ ಬಿಸಿನೀರನ್ನು ಗೊಣಗದೆ ಕುಡಿದ. ಶರಣಮ್ಮ ಎಲೆಯ ಮೇಲೆ ತಲೆ ಬಗ್ಗಿಸಿ ನಗುತ್ತಿದ್ದಳು. ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.